ಹೆಜ್ಜಾರ್ಲೆಯೂ ತಂತಿಯೂ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರ ನಡುವಣ ಮರಗಳಲ್ಲಿಯೇ ಗೂಡು ಕಟ್ಟುವುವು. ಸುಮಾರು 8 ಅಡಿ ಅಗಲ ರೆಕ್ಕೆ ಹರಡಿ ಬರುವ ಆ ಹಕ್ಕಿಯನ್ನು ಸೆಕೆಂಡಿನ 2000ದಲ್ಲೊಂದು ಪಾಲಿನಷ್ಟು ಕಾಲದಲ್ಲಿ ಹಿಡಿದವನು, ಮನೆಗೆ ಬಂದು ಗಣಕಯಂತ್ರದಲ್ಲಿ ಪಟವನ್ನು ತಿದ್ದುವನು. ರೆಕ್ಕೆಯಡಿಯ ಕತ್ತಲನ್ನು ತಿಳಿಗೊಳಿಸುವನು. ಹಿಂದೆ ಹಾದ ವಿದ್ಯುತ್ತಂತಿಯನ್ನು ಅಳಿಸುವನು. ಇವೆರಡೂ ಒಂದೇ ಬಗೆಯ ಕಾರ್ಯಗಳೇ?

ತಿದ್ದಿದುದೆಲ್ಲ ಸುಳ್ಳೆಂದರೆ ಅತಿಯಾದೀತು. 1882ರಲ್ಲಿ ಫ್ರಾನ್ಸಿನ ಮಾರೇ ಎಂಬ ವಿಜ್ಞಾನಿಯು ಬಂದೂಕಿನಾಕಾರದ ಯಂತ್ರದಿಂದ ಸೆಕೆಂಡಿಗೆ 12 ಚಿತ್ರಗಳನ್ನು ತೆಗೆದನು. ಹಾರುವ ಹೆಜ್ಜಾರ್ಲೆಯ ಹಲವು ಕ್ಷಣಗಳನ್ನು ಒಂದೇ ಫಲಕದ ಮೇಲೆಯೂ ಮೂಡಿಸಿದನು. ಅಂಥ ನೋಟವನ್ನು ಯಾವ ಕಣ್ಣೂ ಕಂಡುದಿಲ್ಲ. ಆದರೂ ರೆಕ್ಕೆಯ ಗತಿಯನ್ನು ಅದು ಯಥಾರ್ಥವಾಗಿಯೇ ತಿಳಿಸಿತು. ನೆರಳನ್ನು ತಿಳಿಗೊಳಿಸುವುದೂ ಇದ್ದುದನ್ನು ಕಾಣಿಸುವುದೇ ಸರಿ.

ತಂತಿಯ ಮಾತು ಬೇರೆ. ಚಿತ್ರಕಾರನು ಅದನ್ನು ಬಿಟ್ಟು ಬರೆದರೆ ಯಾರೂ ಆಕ್ಷೇಪಿಸರು. ಅವನ ಕೃತಿಯನ್ನು ಪ್ರತ್ಯಕ್ಷಪ್ರಮಾಣವೆಂದು ನಂಬುವವರಿಲ್ಲ. ಛಾಯಾಚಿತ್ರವನ್ನಾದರೋ ನೋಡುವವನು ಸಾಕ್ಷಿಯೆಂದೇ ಬಗೆಯುವನು. ಭಾರವಾದ ಈ ಹಕ್ಕಿಯು ಥಟ್ಟನೆ ತಿರುಗಲಾರದೆ ತಂತಿಗೆ ತಗುಲಿ ಸಾಯುವುದುಂಟು. ಪಟದಲ್ಲಿ ತಂತಿಯಳಿದರೆ ಆಕಾಶವು ನಿರಪಾಯವಾಗಿ ತೋರುವುದು. ಸೌಂದರ್ಯಕ್ಕಾಗಿ ಅಳಿಸಿದೆನೆಂದು ಅವನು ಹೇಳುವನು (ನೆವವೇನೋ ಹಳೆಯದೇ!). ಹಾಗಾದರೆ ಪಟದ ಕೆಳಗೆ ‘ತಂತಿಯನ್ನು ಅಳಿಸಿದೆ’ ಎಂಬ ಒಂದು ಸಾಲನ್ನು ಬರೆಯಲು ಅವನ ಕೈ ಏಕೆ ಹಿಂಜರಿಯುವುದು?