ಚಾದಲ್ಲಿ ಬೆರೆಸಿದ ಮದ್ದು

ಕಳೆದ ಮಳೆಗಾಲದ ಒಂದು ಸಂಜೆ ನೆರೆಮನೆಯ ಅಕ್ಕ ಬಂದು ನಮ್ಮ ಜಗಲಿಯಲ್ಲಿ ಕೂತರು. ಸೆರಗಿನ ಗಂಟು ಬಿಚ್ಚಿ ಮಾತ್ರೆಗಳನ್ನು ತೋರಿಸಿದರು. "ಮಾಷ್ಟ್ರೇ, ಇದನ್ನು ದಿನಕ್ಕೊಂದು ಚಾದಲ್ಲಿ ಹಾಕಿ ಕೊಟ್ಟರೆ ಕುಡಿತ ಬಿಡ್ತಾರಂತೆ. ಮಗನಿಗೆ ಗೊತ್ತಾಗುವುದು ಬೇಡ. ಹಾಗೆ ಮಾಡಿದರೆ ತಪ್ಪುಂಟಾ?"

ಮಗನಿಗೆ 23 ವರ್ಷ. ಅಡಿಕೆ ಮರಕ್ಕೆ ಹತ್ತಿ ಮದ್ದು ಬಿಡುವ, ಕೊನೆ ಕೊಯ್ಯುವ ಕೆಲಸ. ಗಡಿಯಾಚೆಯಿಂದ ಬರುವ ಪ್ಯಾಕೆಟು ಅವನನ್ನು ಹಿಡಿದು ಮೂರು ವರ್ಷ ಆಗಿತ್ತು.

ತಪ್ಪು ಎಂದು ಥಟ್ಟನೆ ಹೇಳಲು ನನ್ನ ನಾಲಗೆ ಏಳಲಿಲ್ಲ. ಬೆಲ್ಲದಲ್ಲಿ ಮದ್ದು ಅಡಗಿಸಿ ಮಕ್ಕಳಿಗೆ ನುಂಗಿಸಿದವರು ನಾವೆಲ್ಲ. ಮಗುವಿಗೆ ಸರಿಯಾದದ್ದು ಮಗನಿಗೆ ಯಾಕೆ ತಪ್ಪು?

ಮೊದಲು ಮದ್ದಿನ ವಿಷಯ. ಅದರ ಹೆಸರು ಡೈಸಲ್ಫಿರಾಮ್. ಹೊಟ್ಟೆಗೆ ಹೋದ ಮದ್ಯವನ್ನು ದೇಹ ಕರಗಿಸುವ ದಾರಿಯನ್ನು ಅದು ನಡುವೆ ಕಟ್ಟಿಹಾಕುತ್ತದೆ. ಆಗ ಕುಡಿದರೆ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಜೀವ ಹೋಗುವುದೂ ಉಂಟು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರಬಹುದು. ಹಾಗಾಗಿಯೇ ವೈದ್ಯರು ಹೃದಯ, ಲಿವರ್ ಪರೀಕ್ಷಿಸಿ, ರೋಗಿಗೆ ಎಲ್ಲವನ್ನೂ ತಿಳಿಸಿ, ಒಪ್ಪಿಗೆ ಪಡೆದು ಕೊಡುತ್ತಾರೆ. ಗೊತ್ತಿದ್ದವನು ಆ ಭಯದಿಂದ ಗ್ಲಾಸು ಕೆಳಗಿಡುತ್ತಾನೆ. ಗೊತ್ತಿಲ್ಲದವನು ಕುಡಿದು ಮರ ಹತ್ತುತ್ತಾನೆ.

ಅಪಾಯವೇ ಇಲ್ಲದ ಮದ್ದಾಗಿದ್ದರೆ? ಆಗಲೂ ನನಗೆ ಒಪ್ಪಿಗೆಯಿಲ್ಲ. ಮಗುವಿಗೆ ಮಾಡುವ ತೀರ್ಮಾನ ನಮ್ಮದು. ಅದು ದೊಡ್ಡದಾದಾಗ ನಾವು ಅದನ್ನು ಬಿಟ್ಟುಕೊಡುತ್ತೇವೆ. ಅಮಲು ಬಿಡುವುದು ಜ್ವರ ಇಳಿದ ಹಾಗೆ ಅಲ್ಲ. ಅದು ಪ್ರತಿದಿನ ಮತ್ತೆ ಮತ್ತೆ ಮಾಡಬೇಕಾದ ತೀರ್ಮಾನ. ಇನ್ನೊಬ್ಬರು ಕದ್ದು ಅದನ್ನು ಮಾಡಿಕೊಡಲು ಬರುವುದಿಲ್ಲ. ಒಂದು ದಿನ ಗುಟ್ಟು ರಟ್ಟಾದರೆ, ತಾಯಿ ಬಡಿಸಿದ ಅನ್ನವನ್ನೂ ಅವನು ಸಂಶಯದಿಂದ ನೋಡಬೇಕಾಗುತ್ತದೆ.

"ಅವನ ಬುದ್ಧಿ ಅವನ ಕೈಯಲ್ಲಿ ಎಲ್ಲಿದೆ?" ಎಂದು ಅಕ್ಕ ಕೇಳಿದರು. ನ್ಯಾಯವಾದ ಮಾತು. ಚಟ ಎನ್ನುವುದು ಬರೀ ಹಠವಲ್ಲ, ಕಾಯಿಲೆ. ಆದರೆ ಕಾಯಿಲೆ ಬುದ್ಧಿಯನ್ನು ಕಟ್ಟಿಹಾಕಿದೆ, ಕೊಂದಿಲ್ಲ. ಬೆಳಿಗ್ಗೆ ಕೈ ನಡುಗುವಾಗ "ಸಾಕಾಯ್ತು ಅಮ್ಮ" ಎಂದು ಅವನು ಎಷ್ಟೋ ಸಲ ಹೇಳಿದ್ದಾನೆ. ಆ ಹೊತ್ತನ್ನು ಹಿಡಿಯಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ರೋಗಿಯ ಒಪ್ಪಿಗೆಗೆ ಮೊದಲ ಬೆಲೆ ಕೊಡುತ್ತದೆ. ತನಗೋ ಇತರರಿಗೋ ಗಂಭೀರ ಅಪಾಯ ಇರುವಂಥ ಸಂದರ್ಭಗಳಿಗೆ ಮಾತ್ರ ಬೇರೆ ದಾರಿ ಇಟ್ಟಿದೆ. ಇನ್ನೊಂದು ಮಾತು: ವರ್ಷಗಟ್ಟಲೆ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಅಪಸ್ಮಾರ, ಸನ್ನಿ ಬರಬಹುದು. ಅದಕ್ಕೂ ವೈದ್ಯರೇ ಬೇಕು.

ಪೇಟೆಯಲ್ಲಿ ವೈದ್ಯರಿದ್ದಾರೆ, ಗುರುತಿನವರಿಲ್ಲ. ಹಳ್ಳಿಯಲ್ಲಿ ಎಲ್ಲರೂ ಗುರುತಿನವರೇ, ವೈದ್ಯರಿಲ್ಲ. ಮಂಗಳೂರಿನಲ್ಲಿ ತಿಂಗಳು ಮಲಗಿ ಗುಣವಾಗಿ ಬಂದವನು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೊದಲ ಸಂಜೆಯೇ ಹಳೇ ಗೆಳೆಯರ ಕೈಗೆ ಸಿಗುತ್ತಾನೆ. ಚೆನ್ನೈಯಲ್ಲಿ 1980ರಲ್ಲಿ ಚಿಕಿತ್ಸಾ ಕೇಂದ್ರ ಶುರುಮಾಡಿದ ಶಾಂತಿ ರಂಗನಾಥನ್ ಮುಂದೆ ಮಂಜಕ್ಕುಡಿ ಎಂಬ ಹಳ್ಳಿಗೇ ಚಿಕಿತ್ಸೆಯನ್ನು ಕೊಂಡುಹೋಗಿ ಶಿಬಿರ ನಡೆಸಿದರು. ಧರ್ಮಸ್ಥಳದ ಆಶ್ರಯದ ಮದ್ಯವರ್ಜನ ಶಿಬಿರಗಳು ನಮ್ಮ ಕಡೆಯವರಿಗೆ ಗೊತ್ತೇ ಇವೆ. ಕೇರಳ ಸರಕಾರ 2016ರಲ್ಲಿ ಹೊರಟ 'ವಿಮುಕ್ತಿ'ಯ ಸಹಾಯವಾಣಿ 14405. ದೇಶಕ್ಕೆಲ್ಲ ಇರುವುದು 14446. ಬಾಗಿಲುಗಳು ಇಲ್ಲದಿಲ್ಲ. ಹೊಕ್ಕಲು ನಾಚಿಕೆ.

ಆ ನಾಚಿಕೆ ಯಾರದು? "ಮಗಳ ಮದುವೆ ಮಾತು ನಡೀತಾ ಉಂಟು, ಆಸ್ಪತ್ರೆಗೆ ಸೇರಿಸಿದರೆ ಊರಿಗೆಲ್ಲ ಗೊತ್ತಾಗ್ತದೆ" ಎಂದು ಅಕ್ಕ ಕಣ್ಣೊರೆಸಿಕೊಂಡರು. ಅವನು ಕುಡಿದು ತೋಡಿನ ಬದಿ ಬಿದ್ದದ್ದು ಊರಿಗೆ ಗೊತ್ತಿಲ್ಲವೇ? ಬಿದ್ದದ್ದನ್ನು ನೋಡಿ ನಕ್ಕ ನಾವು, ಏಳಲು ಹೊರಟರೆ ಪಿಸುಗುಟ್ಟುತ್ತೇವೆ. ಚಾದಲ್ಲಿ ಮದ್ದು ಹಾಕಲು ಹೊರಟ ಕೈ ತಾಯಿಯದು; ಅದನ್ನು ಗುಟ್ಟಾಗಿಸಿದವರು ನಾವು. ತಪ್ಪುಂಟಾ ಎಂದು ಅವರು ಕೇಳಿದ ಪ್ರಶ್ನೆಯ ಅರ್ಧ ಭಾಗ ನಮ್ಮ ಪಾಲಿಗೆ ಬಂತು.

ಹಾಗೆಂದು ಮಗನ ಹೊಣೆ ಇಲ್ಲವೆಂದಲ್ಲ. ಕಾಯಿಲೆ ಬಂದದ್ದಕ್ಕೆ ಅವನನ್ನು ಬೈಯುವುದು ಬೇಡ; ಮದ್ದು ತೆಗೆದುಕೊಳ್ಳುವ ಹೊಣೆ ಮಾತ್ರ ಅವನದೇ. ಆ ಹೊಣೆ ಹೊರಲು ಅವನಿಗೆ ಸತ್ಯ ಗೊತ್ತಿರಬೇಕು.

ಅಕ್ಕ ಮಾತ್ರೆಗಳನ್ನು ನನ್ನಲ್ಲೇ ಬಿಟ್ಟು ಹೋದರು. ಮರುದಿನ ಬೆಳಿಗ್ಗೆ ಮಗನೆದುರು ಎಲ್ಲ ಹೇಳಿದರಂತೆ. ಅವನು ರೇಗಿ ಎರಡು ದಿನ ಮನೆಗೆ ಬರಲಿಲ್ಲ. ಮೂರನೇ ದಿನ ಬಂದು, "ಎಲ್ಲಿಗೆ ಹೋಗ್ಬೇಕು, ಹೇಳಿ" ಎಂದ. ಚಿಕಿತ್ಸೆ ನಡೆಯುತ್ತಿದೆ. ನಡುವೆ ಒಮ್ಮೆ ಜಾರಿದ, ಮತ್ತೆ ಹೋದ. ಈಗ ಸಂಜೆ ವಾಚನಾಲಯಕ್ಕೆ ಬಂದು ಪೇಪರ್ ಓದುತ್ತಾನೆ. ಬಂದಾಗ ಯಾರೂ ಏನೂ ಕೇಳುವುದು ಬೇಡ. ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಕೊಟ್ಟರೆ ಸಾಕು.