ಜೊತೆಯಾಳು ನೆರಳಿನಲ್ಲಿ ಕುಳಿತಾಗ

ಬೇಸಿಗೆಯಲ್ಲಿ ಮಣ್ಣು ಅಗೆಯುವವನನ್ನು ನೆತ್ತಿಯ ಮೇಲಿನ ಬಿಸಿಲು ದಣಿಸುವದಕ್ಕಿಂತ ಹೆಚ್ಚಾಗಿ, ಬೇವಿನ ನೆರಳಿನಲ್ಲಿ ಕುಳಿತಿರುವ ಜೊತೆಯಾಳು ದಣಿಸುತ್ತಾನೆ. ಬಿಸಿಲಿನ ದಣಿವು ರಾತ್ರಿಯ ನಿದ್ರೆಯಲ್ಲಿ ಕಳೆಯುತ್ತದೆ. ಈ ದಣಿವಾದರೋ ನಮ್ಮ ಹಿಂದೆಯೇ ಮನೆಗೆ ಬಂದು, ಊಟಕ್ಕೆ ಕುಳಿತಾಗ ನಮ್ಮ ಬಾಯಿಂದ ಮಾತಾಗಿ ಹೊರಡುತ್ತದೆ. ಮೈಗಳ್ಳತನವು ಕೆಟ್ಟದ್ದೆಂಬದನ್ನು ಯಾರಿಗೂ ಕಲಿಸಬೇಕಾದದ್ದಿಲ್ಲ. ಅದನ್ನು ದಿನಾಲು ಕಣ್ಣಾರೆ ನೋಡುತ್ತಾ ಪಕ್ಕದಲ್ಲಿ ದುಡಿಯುವವನ ಕರ್ತವ್ಯವೇನೆಂಬದೇ ಕಠಿಣವಾದ ಪ್ರಶ್ನೆಯು. ಅದನ್ನು ಕುರಿತು ಕೆಲವು ಮಾತುಗಳನ್ನು ಬರೆಯುತ್ತೇವೆ.

2005ರಲ್ಲಿ ಶಾಸನವಾದ ಗ್ರಾಮೀಣ ಉದ್ಯೋಗ ಖಾತರಿಯು 2006ರ ಫೆಬ್ರವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಆರಂಭವಾಯಿತು. ನಮ್ಮ ಹುಣಸಗಿಯು ಆಗ ಸುರಪುರ ತಾಲೂಕಿಗೂ ಗುಲ್ಬರ್ಗಾ ಜಿಲ್ಲೆಗೂ ಸೇರಿತ್ತು. ಆ ಜಿಲ್ಲೆಯು ಮೊದಲಿನ ಆ 200ರಲ್ಲಿ ಒಂದಾಗಿತ್ತು. ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸವನ್ನು ಕೇಳುವ ಹಕ್ಕು ದೊರೆಯಿತು. ಆದರೆ ಕೂಲಿಯು ಬರೀ ಹಾಜರಿಯ ಮೇಲೆ ನಿಂತಿರಲಿಲ್ಲ. ತೆಗೆದ ಮಣ್ಣನ್ನು ಅಳತೆ ಮಾಡಿ, ಆ ಅಳತೆಗೆ ತಕ್ಕ ಹಣವನ್ನು ಗುಂಪಿನವರಿಗೆ ಅವರವರ ಹಾಜರಿಯ ಪ್ರಕಾರ ಹಂಚುತ್ತಿದ್ದರು. ಹೀಗಿರಲಾಗಿ ಹತ್ತು ಜನರಲ್ಲಿ ಒಬ್ಬನು ಸುಮ್ಮನೆ ಕುಳಿತರೆ, ಅವನು ತೆಗೆಯದೆ ಬಿಟ್ಟ ಮಣ್ಣಿನ ನಷ್ಟವು ಹತ್ತೂ ಜನರ ಕೂಲಿಯಲ್ಲಿ ಕಾಣುತ್ತಿತ್ತು. ಕುಳಿತವನಿಗಾದರೋ ದುಡಿದವರಷ್ಟೇ ಪಾಲು ಸಿಕ್ಕುತ್ತಿತ್ತು.

ಒಂದು ಬೇಸಿಗೆಯಲ್ಲಿ ನಾವೂ ಅಂಥ ಒಂದು ಗುಂಪಿನಲ್ಲಿದ್ದೆವು. ಹಳ್ಳದ ಹೂಳು ತೆಗೆಯುವ ಕೆಲಸ. ನಮ್ಮಲ್ಲಿ ಒಬ್ಬ ತರುಣನು ಹಾಜರಿ ಕೂಗುವಾಗ ಎಲ್ಲರಿಗಿಂತ ಮುಂದೆ ನಿಲ್ಲುವನು. ಆಮೇಲೆ ನೀರು ಕುಡಿಯಲಿಕ್ಕೆ ಹೋದರೆ ಅರ್ಧ ತಾಸು. ಸಲಿಕೆಯ ಕಾವು ಸಡಿಲವಾಯಿತೆಂದು ಇನ್ನರ್ಧ ತಾಸು. ಅಷ್ಟರಲ್ಲಿ ಬುತ್ತಿ ಬಿಚ್ಚುವ ಹೊತ್ತು. ನಾವು ಮಾಡಿದ್ದೇನು? ಅವನು ದೂರವಿದ್ದಾಗ ರೊಟ್ಟಿಯ ಸಂಗಡ ಅವನ ಸುದ್ದಿಯನ್ನೇ ತಿಂದೆವು. ಅವನು ಹತ್ತಿರ ಬಂದಾಗ ಮಳೆಯ ಮಾತನ್ನು ಎತ್ತಿದೆವು. ಎರಡನೆಯ ವಾರದಲ್ಲಿ, ಅವನಿಗಿಲ್ಲದ ಚಿಂತೆ ನಮಗೇಕೆ ಎಂದುಕೊಂಡು ನಾವೂ ಸಲಿಕೆಯನ್ನು ಊರಿ ನಿಲ್ಲಲಾರಂಭಿಸಿದೆವು. ಅಳತೆಯಾದಾಗ ಮಣ್ಣು ಕಡಿಮೆ ಬಿತ್ತು. ಎಲ್ಲರೂ ಅವನನ್ನೇ ಬೈದರು. ಆದರೆ ನಿಜ ಹೇಳುವದಾದರೆ, ಆ ವಾರ ಕಡಿಮೆಯಾದದ್ದರಲ್ಲಿ ಒಳ್ಳೇ ಪಾಲು ನಮ್ಮದೇ ಆಗಿತ್ತು.

ಇದರಿಂದ ತಿಳಿಯತಕ್ಕದ್ದೇನಂದರೆ, ಮೈಗಳ್ಳನಿಂದ ಎರಡು ನಷ್ಟಗಳುಂಟು. ಒಂದು ಕೆಲಸದ ನಷ್ಟ. ಮತ್ತೊಂದು ದುಡಿಯುವವರ ಮನಸ್ಸಿನ ನಷ್ಟ. ನಾರಾಯಣಪುರದ ಬಸವಸಾಗರದಿಂದ ಹೊರಡುವ ಎಡದಂಡೆ ಕಾಲುವೆಯ ನೀರನ್ನು ಉಣ್ಣುವ ನಮ್ಮ ರೈತರು ಈ ಮಾತನ್ನು ಬೇಗನೆ ಗ್ರಹಿಸುವರು. ಮೇಲಿನ ಹೊಲದವನು ತನ್ನ ಮುಂದಿನ ಹೊಲಗಾಲುವೆಯ ಹೂಳನ್ನೂ ಕಸವನ್ನೂ ತೆಗೆಯದೆ ಬಿಟ್ಟರೆ ಅವನ ಪೈರು ಒಣಗುವದಿಲ್ಲ, ಕಟ್ಟಕಡೆಯ ಹೊಲದವನ ಪೈರು ಒಣಗುತ್ತದೆ. ಇದು ಮೊದಲನೆಯ ನಷ್ಟ. ಅದನ್ನು ಕಂಡು ನಡುವಿನ ಹೊಲದವರೂ ತಮ್ಮ ತಮ್ಮ ಪಾಲಿನ ಕಾಲುವೆಯನ್ನು ಹಾಗೆಯೇ ಬಿಟ್ಟರೆ ಅದು ಎರಡನೆಯದು. ಮೊದಲನೆಯದು ಅವನ ಕೈಯಲ್ಲಿದೆ. ಎರಡನೆಯದು ನಮ್ಮ ಕೈಯಲ್ಲಿದೆ.

ನಾವಂತೂ ಅಂಥವರಲ್ಲವೆಂದು ಯಾರೂ ಹೆಮ್ಮೆಪಡಬಾರದು. ಫ್ರಾನ್ಸ್ ದೇಶದ ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್ ಎಂಬ ಕೃಷಿ ವಿದ್ವಾಂಸನು ಜನರಿಂದ ಹಗ್ಗವನ್ನು ಎಳೆಯಿಸಿ ಅವರ ಬಲವನ್ನು ಅಳೆದು, ಅದರ ಫಲವನ್ನು 1913ರಲ್ಲಿ ಪ್ರಕಟಿಸಿದನು. ಎಂಟು ಜನ ಕೂಡಿ ಎಳೆದಾಗ, ಒಬ್ಬೊಬ್ಬನು ತಾನೊಬ್ಬನೇ ಇದ್ದಾಗ ಎಳೆದದ್ದರ ಸುಮಾರು ಅರ್ಧದಷ್ಟನ್ನೇ ಎಳೆದನು. ಹೆಜ್ಜೆ ಕೂಡದ್ದರಿಂದ ಹಾಗಾಗಿರಬಹುದೆಂದು ಕೆಲವರು ಸಂದೇಹಪಟ್ಟರು. ಆದಕಾರಣ 1974ರಲ್ಲಿ ಅಮೇರಿಕದ ವಿದ್ವಾಂಸರು ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ನಿನ್ನ ಹಿಂದೆ ಇತರರೂ ಎಳೆಯುತ್ತಿದ್ದಾರೆಂದು ನಂಬಿಸಿದರು. ಹಿಂದೆ ಯಾರೂ ಎಳೆಯುತ್ತಿರಲಿಲ್ಲ. ಆದರೂ ಅವನ ಕೈ ಸಡಿಲವಾಯಿತು. ಒಬ್ಬೊಬ್ಬನ ಪಾಲು ಬೇರೆಯಾಗಿ ತಿಳಿಯುವಂತಿದ್ದರೆ ಈ ಸಡಿಲತನವು ಕಡಿಮೆಯಾಗುವದೆಂದು ಮುಂದಿನ ಪರೀಕ್ಷೆಗಳಿಂದ ಕಂಡುಬಂತು. ಅಂದ ಮೇಲೆ ಮೈಗಳ್ಳನು ಬೇರೆ ಜಾತಿಯ ಮನುಷ್ಯನಲ್ಲ. ಹತ್ತು ಜನರ ನಡುವೆ ನಮ್ಮ ಕೈಗೂ ತುಸು ಬರುವ ರೋಗವು ಅವನಲ್ಲಿ ಬಲಿತಿದೆ, ಅಷ್ಟೇ.

ಹಾಗಾದರೆ ಏನು ಮಾಡತಕ್ಕದ್ದು? ಮಾರ್ಥಳ ಕಥೆಯು ನಮ್ಮೆಲ್ಲರಿಗೂ ಗೊತ್ತಿದೆ. ಮನೆಗೆಲಸವೆಲ್ಲ ತನ್ನ ಮೇಲೆಯೇ ಬಿತ್ತೆಂದು ಅವಳು ಬೇಸರಗೊಂಡಳು. ಆದರೆ ಆ ಬೇಸರವನ್ನು ತಂಗಿಯ ಸಂಗಡ ಆಡದೆ, ಮನೆಗೆ ಬಂದ ಅತಿಥಿಯ ಮುಂದೆ ಇಟ್ಟಳು. ನಾವು ಸಹ ಹಾಗೆಯೇ ಮಾಡುತ್ತೇವೆ. ದೂರು ಊರೆಲ್ಲಾ ಸುತ್ತಿ ಬರುತ್ತದೆ, ಯಾರಿಗೆ ಮುಟ್ಟಬೇಕೋ ಅವನಿಗೆ ಮಾತ್ರ ಮುಟ್ಟುವದಿಲ್ಲ.

ಇದಕ್ಕೆ ಬೇರೆಯಾದ ನಡತೆಯನ್ನು ನಮ್ಮ ಸೀಮೆಯಲ್ಲಿಯೇ ನೋಡಬಹುದು. ಕೃಷ್ಣೆಯ ಆಚೇ ದಡದಲ್ಲಿ, ಲಿಂಗಸುಗೂರು ಸೀಮೆಯ ಅಮರೇಶ್ವರದವರೆಂದು ಹೇಳಲ್ಪಡುವ ಆಯ್ದಕ್ಕಿ ಮಾರಯ್ಯನೂ ಲಕ್ಕಮ್ಮನೂ 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿದ್ದ ಬಡ ದಂಪತಿಗಳು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವದು ಅವರ ಕಾಯಕ. ಒಂದು ದಿನ ಮಾರಯ್ಯನು ಕಾಯಕವನ್ನು ಮರೆತಾಗ, ಕೆಲಸವು ನಿಂತುಹೋಗಿದೆಯೆಂದು ಲಕ್ಕಮ್ಮನು ಗಂಡನಿಗೇ ನೆಟ್ಟಗೆ ಹೇಳಿದಳು. ನೆರೆಯವರ ಮುಂದೆ ಹೇಳಲಿಲ್ಲ. ಇನ್ನೊಂದು ದಿನ ಅವನು ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದದ್ದನ್ನು ಹಿಂದಕ್ಕೆ ಕೊಟ್ಟುಬರುವಂತೆಯೂ ಹೇಳಿದಳು. ಕಡಿಮೆಯಾದಾಗ ಕೇಳಿದ ಬಾಯಿಯೇ ಹೆಚ್ಚಾದಾಗ ಬೇಡವೆಂದಿತು. ಅವಳ ಮಾತಿಗೆ ತೂಕ ಬಂದದ್ದು ಅದರಿಂದಲೇ.

ನಮ್ಮ ಗುಂಪಿನಲ್ಲಿಯೂ ಹಾಗೆ ಮಾತಾಡಿದವಳು ಒಬ್ಬ ಮುದುಕಿ. ಮೂರನೆಯ ವಾರ ಅವಳು ಬುಟ್ಟಿಯನ್ನು ಕೆಳಗಿಟ್ಟು, ನೆರಳಿನಲ್ಲಿದ್ದ ಆ ತರುಣನ ಹತ್ತಿರ ಹೋಗಿ ಕುಳಿತು, "ತಮ್ಮಾ, ನಿನ್ನ ಪಾಲಿನ ಮಣ್ಣು ನಮ್ಮ ತಲೆಯ ಮೇಲೆ ಬರುತ್ತಿದೆ. ನಿನಗೆ ಮೈಯಲ್ಲಿ ಆಗುವದಿಲ್ಲವೋ, ಕೆಲಸ ತಿಳಿಯುವದಿಲ್ಲವೋ, ಮನಸ್ಸಿಲ್ಲವೋ? ಯಾವದು ಎಂಬದನ್ನು ಹೇಳು," ಅಂದಳು. ಅವನು ತುಸು ಹೊತ್ತು ಸುಮ್ಮನಿದ್ದು, "ಅವ್ವಾ, ಹದಿನೈದು ದಿನ ನೀವೆಲ್ಲರೂ ನನ್ನನ್ನು ಆಡಿಕೊಂಡಿರಿ; ನನ್ನ ಸಂಗಡ ಆಡಿದ್ದು ಇಂದೇ," ಅಂದನು. ಅದು ಅವಳ ಪ್ರಶ್ನೆಗೆ ಉತ್ತರವಲ್ಲ. ಆದರೂ ಅದು ಸುಳ್ಳಲ್ಲದ್ದರಿಂದ ನಾವೆಲ್ಲರೂ ತಲೆ ತಗ್ಗಿಸಿದೆವು.

ಆ ಮುದುಕಿಯ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿಡೋಣ. ಮೈಯಲ್ಲಿ ಆಗದವನಿಗೆ ಹಗುರವಾದ ಕೆಲಸವನ್ನು ಕೊಡತಕ್ಕದ್ದು. ಅವನ ಪಾಲನ್ನು ಹೊರುವದು ನಮಗೆ ನಷ್ಟವಲ್ಲ. ಕೆಲಸ ತಿಳಿಯದವನಿಗೆ ಕಲಿಸತಕ್ಕದ್ದು. ಮನಸ್ಸಿಲ್ಲದವನ ವಿಷಯದಲ್ಲಾದರೋ, ಅವನ ಪಾಲನ್ನು ನಾವು ಗುಟ್ಟಾಗಿ ಮಾಡಿ ಮುಗಿಸುವದು ದಯೆಯಲ್ಲ. ಅದು ಅವನ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಹಗ್ಗವನ್ನು ಇತರರು ಎಳೆಯುತ್ತಾರೆಂದು ಅವನು ಎಂದೆಂದಿಗೂ ನಂಬಿಕೊಂಡೇ ಇರುವನು.

ಮರುದಿನ ನಾವು ಕೋಲಿನಿಂದ ಅಳೆದು, ಒಬ್ಬೊಬ್ಬರಿಗೆ ಒಂದೊಂದು ತುಂಡು ನೆಲವನ್ನು ಗೆರೆ ಎಳೆದು ಕೊಟ್ಟೆವು. ಅವನು ಎರಡು ದಿನ ಚೆನ್ನಾಗಿ ಅಗೆದನು. ಮೂರನೆಯ ದಿನ ಮತ್ತೆ ನೆರಳಿಗೆ ಹೋದನು. ಆದರೆ ಆ ಸಂಜೆ ಅಗೆಯದೆ ಉಳಿದ ತುಂಡು ಯಾರದೆಂದು ಯಾರೂ ಹೇಳಬೇಕಾಗಲಿಲ್ಲ. ಮೂರು ಕಡೆ ತಗ್ಗು ಬಿದ್ದ ಹಳ್ಳದ ನಡುವೆ ಅದೊಂದು ದಿಬ್ಬವಾಗಿ ನಿಂತಿತ್ತು. ಅವನು ಅದನ್ನು ಬಹಳ ಹೊತ್ತು ನೋಡಿದನು. ಅವನು ಪೂರ್ಣವಾಗಿ ತಿದ್ದಿಕೊಂಡನೆಂದು ನಾವು ಬರೆಯುವದಿಲ್ಲ, ಯಾಕಂದರೆ ಹಾಗಾಗಲಿಲ್ಲ. ಬರುವ ದಿನಗಳು ಹೆಚ್ಚಾದವು, ಕುಳಿತುಕೊಳ್ಳುವ ತಾಸುಗಳು ಕಡಿಮೆಯಾದವು, ಅಷ್ಟೇ. ನಮ್ಮಲ್ಲಾದರೋ ಒಂದು ದೊಡ್ಡ ಬದಲಾವಣೆಯಾಯಿತು. ಬುತ್ತಿಯ ಹೊತ್ತಿನಲ್ಲಿ ಅವನು ಬಂದು ಕುಳಿತರೆ ಮಾತನ್ನು ಬದಲಿಸುವ ಕಾರಣವು ನಮಗೆ ಉಳಿಯಲಿಲ್ಲ.

ಆದಕಾರಣ ವಾಚಕರೇ, ನಿಮ್ಮ ಹೊಲದಲ್ಲಾಗಲಿ, ಶಾಲೆಯಲ್ಲಾಗಲಿ, ಕಚೇರಿಯಲ್ಲಾಗಲಿ ಜೊತೆಯಾಳು ಕೈಕಟ್ಟಿ ಕುಳಿತರೆ, ಮೊದಲು ಅವನನ್ನೇ ಕೇಳಿರಿ. ಅವನು ಕೇಳದಿದ್ದರೆ, ಪಾಲನ್ನು ಬೇರೆ ಮಾಡಿ ತೋರಿಸಿರಿ. ಅದರಿಂದಲೂ ಆಗದಿದ್ದರೆ, ಕೆಲಸ ಮಾಡಿಸುವ ಹಿರಿಯನಿಗೆ ಅವನ ಎದುರಿನಲ್ಲಿಯೇ ಹೇಳಿರಿ. ಈ ಮೂರನ್ನೂ ಮಾಡುವಾಗ ನಿಮ್ಮ ಸಲಿಕೆಯು ಮಾತ್ರ ನಿಲ್ಲದಿರಲಿ. ಅವನು ಕೂಲಿಯಲ್ಲಿ ತುಸು ಪಾಲನ್ನು ನಮ್ಮಿಂದ ಕಸಿದುಕೊಳ್ಳಬಹುದು. ದುಡಿಮೆಯ ಅಭ್ಯಾಸವನ್ನಾದರೋ ನಾವು ಕೊಟ್ಟ ಹೊರತು ಅವನು ಕಸಿದುಕೊಳ್ಳಲಾರನು.