ಬೀಜ ಬದಲಿಸಿದರೆ ಹೊಣೆ ತೀರಿತೇ?



ಮಳೆ ಈಗ ಹೊತ್ತಿಗೆ ಬರುವುದಿಲ್ಲ. ಬಂದರೆ ಬೆಳೆಯನ್ನು ಉಳಿಸುವುದಿಲ್ಲ. ಇಂಥ ಹವೆಯನ್ನು ತಾಳುವ ತಳಿಗಳನ್ನು ವಿಜ್ಞಾನಿಗಳು ರೂಪಿಸುತ್ತಿದ್ದಾರೆ. 2024ರ ಆಗಸ್ಟ್‌ನಲ್ಲಿ 61 ಬೆಳೆಗಳ 109 ತಳಿಗಳು ಒಂದೇ ದಿನ ದೇಶಕ್ಕೆ ಬಿಡುಗಡೆಯಾದವು. ಹಾಗಾದರೆ ಮನೆಯ ಹಳೆಯ ಬೀಜವನ್ನು ಕಾಯುವ ಹೊಣೆ ನಮಗೆ ಇನ್ನೂ ಇದೆಯೇ?

ಉತ್ತರ ನಮ್ಮ ಕೂನೂರಿನ ಪಕ್ಕದಲ್ಲೇ ಇದೆ. ವೆಲ್ಲಿಂಗ್ಟನ್ನಿನಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ 1954ರಿಂದ ನಡೆದುಬಂದಿದೆ. ಗೋಧಿಯ ತುಕ್ಕು ರೋಗ ಬಯಲುಸೀಮೆಯ ಬೇಸಿಗೆಯಲ್ಲಿ ಸಾಯುತ್ತದೆ. ನೀಲಗಿರಿಯಂಥ ಬೆಟ್ಟಗಳ ತಂಪಿನಲ್ಲಿ ವರ್ಷವಿಡೀ ಬದುಕಿ, ಗಾಳಿ ಹಿಡಿದು ಮತ್ತೆ ಬಯಲಿಗಿಳಿಯುತ್ತದೆ. ಆದ್ದರಿಂದ ಸಸಿಗಳ ಪರೀಕ್ಷೆಗೆ ಇದೇ ತಕ್ಕ ಜಾಗ. ಇಲ್ಲಿಯ ಬೆಟ್ಟದ ರೋಗ ದೂರದ ರೈತನ ಹೊಲ ಸೇರುತ್ತದೆ ಎಂದಮೇಲೆ, ನಮ್ಮ ಹೊಲ ನಮ್ಮೊಬ್ಬರದೇ ಎನ್ನುವಂತಿಲ್ಲ.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ರೋಗ ತಡೆಯುವ ಗುಣವನ್ನು ವಿಜ್ಞಾನಿ ಬರಿಗೈಯಿಂದ ಸೃಷ್ಟಿಸಲಾರ. ಬಹುಮಟ್ಟಿಗೆ ಹಳೆಯ ಬೀಜದಿಂದಲೇ ತೆಗೆಯಬೇಕು. ಉತ್ತರ ಕರ್ನಾಟಕದ ರೈತರು ಬಿಡದೆ ಬೆಳೆದುಕೊಂಡು ಬಂದ ಕಪ್ಲಿ, ಅಂದರೆ ಜವೆ ಗೋಧಿಯಲ್ಲಿ ಅಂಥ ಗುಣವಿದೆ. ಎತ್ತರ ಬೆಳೆದು ನೆಲಕ್ಕೊರಗುವುದು ಅದರ ದೋಷ. ವೆಲ್ಲಿಂಗ್ಟನ್ನಿನವರು ವಿಕಿರಣ ಬಳಸಿ ಅದನ್ನು ಗಿಡ್ಡಗೊಳಿಸಿ ಎಚ್‌.ಡಬ್ಲ್ಯು. 1098 ತಳಿ ಕೊಟ್ಟರು. ರೈತರು ಬೀಜ ಕಾಯದಿದ್ದರೆ ಅವರು ತಿದ್ದುವುದಾದರೂ ಏನನ್ನು?

ಹೊಸ ತಳಿಯೂ ಶಾಶ್ವತವಲ್ಲ. ರೋಗ ರೂಪ ಬದಲಿಸುತ್ತದೆ, ಹವೆಯೂ ಬದಲಾಗುತ್ತದೆ. ಮತ್ತೆ ಹಳೆಯ ಕಣಜವನ್ನೇ ತೆರೆಯಬೇಕು. ನಮ್ಮ ಬಡಗ ಹಿರಿಯರ ರಾಗಿ, ಸಾಮೆ, ಗೋಧಿಯ ಹೊಲಗಳು ಇಂದು ಚಹಾ ತೋಟಗಳಾಗಿವೆ. ಆ ಬೀಜ ಎಷ್ಟು ಮನೆಗಳಲ್ಲಿ ಉಳಿದಿದೆ?

ಹೊಸ ತಳಿ ಬೇಡವೆಂದು ನಾವು ಹೇಳುವುದಿಲ್ಲ. ಮಕ್ಕಳ ಅನ್ನಕ್ಕೆ ಇಳುವರಿ ಬೇಕು. ಅದನ್ನು ಬೇಡವೆನ್ನುವುದು ಧರ್ಮವಲ್ಲ. ಆದರೆ ವಿಜ್ಞಾನಿಯ ದುಡಿಮೆ ಅವನ ಕಾಯಕವಾದರೆ, ಬೀಜ ಕಾಯುವುದು ನಮ್ಮ ಕಾಯಕ. ಅದನ್ನು ನೆರೆಯವನಿಗೆ ಕೊಡುವುದು ದಾಸೋಹ. 2001ರ ಸಸ್ಯ ತಳಿ ಕಾಯ್ದೆಯೂ ರೈತನು ಬೀಜವನ್ನು ಉಳಿಸಲು, ಹಂಚಲು, ಮಾರಲು ಹಕ್ಕು ಕೊಟ್ಟಿದೆ. ಕಾಯ್ದೆಯಡಿ ನೋಂದಾಯಿತ ತಳಿಯನ್ನು ಬ್ರಾಂಡ್ ಹೆಸರಿನಲ್ಲಿ ಮಾತ್ರ ಮಾರುವಂತಿಲ್ಲ. ವರ್ತಕ ಬಂಧುಗಳು ಬೀಜದ ಚೀಲದಲ್ಲಿ ಕಲಬೆರಕೆ ಮಾಡದಿರುವುದೂ ಇದೇ ಕಾಯಕದ ಭಾಗ. ಆ ಮೋಸ ಒಬ್ಬನ ಒಂದು ವರ್ಷವನ್ನೇ ನುಂಗುತ್ತದೆ.

ಹೊಲದ ತುಂಬ ಹೊಸ ತಳಿ ಬಿತ್ತೋಣ. ಒಂದು ಮೂಲೆಯಲ್ಲಿ ಹಿರಿಯರ ಬೀಜವನ್ನೂ ಉಳಿಸೋಣ. ನಮಗೆ ಬಂದದ್ದನ್ನು ಮುಂದಿನವರಿಗೆ ದಾಟಿಸದೆ ಹೋದರೆ ಋಣ ತೀರುವುದಿಲ್ಲ.



– ಕಾರ್ಯದರ್ಶಿ, ಶ್ರೀಮಠ